ನೀನು ಖಾಲಿ ಬಿಟ್ಟ ಎರಡು ಚೌಕ

ಅಣ್ಣಾ,

"ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಶುರು ಮಾಡಿದರೆ ನೀನು ನಗುತ್ತೀಯ. ಸಾಗರದ ತಾಲ್ಲೂಕು ಕಚೇರಿ ಹತ್ತಿರದ ನಿನ್ನ ಟೈಪಿಂಗ್ ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಆ ಸಾಲನ್ನು ಹೊಡೆದವನು ನೀನು. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನನ್ನು ಒಂದು ಮಾತು ಕೇಳಬೇಕಾಗಿತ್ತು. ನೀನು ಹೋಗಿ ಮೂರು ವರ್ಷವಾಯಿತು, ಈಗ ಕೇಳಿ ಏನು ಪ್ರಯೋಜನ ಅನ್ನಬೇಡ. ಕೇಳುವ ಸಂದರ್ಭ ಬಂದದ್ದೇ ಈ ವರ್ಷ. ತೀರಿಹೋದವರದೊಂದು ಚೂರು ಇನ್ನೂ ಬದುಕಿದೆ ಎಂದು ಯಾರೋ ಫೋನ್ ಮಾಡಿ ಹೇಳಿದರೆ ನೀನಾಗಿದ್ದರೆ ಏನು ಮಾಡುತ್ತಿದ್ದೆ?

ಆ ಫೋನ್ ಬಂದಾಗ ನಾನು ಹೊಸನಗರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಂಟನೇ ಕ್ಲಾಸಿನ ವಿಜ್ಞಾನದ ಪೇಪರ್ ತಿದ್ದುತ್ತಿದ್ದೆ. ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದರೆ ಒಬ್ಬಳು ಕೋಶಕೇಂದ್ರವನ್ನು ಕೋಶದ ಹೊರಗೆ ಬರೆದಿಟ್ಟಿದ್ದಳು. ಅದಕ್ಕೆ ಅರ್ಧ ಅಂಕ ಕೊಡಲೋ ಬೇಡವೋ ಎಂದು ಯೋಚಿಸುತ್ತಿರುವಾಗ ಗೊತ್ತಿಲ್ಲದ ನಂಬರಿನಿಂದ ಕರೆ.

"ಮಾಲತಿಯವರಲ್ವಾ? ನಾನು ಝೀನತ್ ಅಂತ, ಘಟ್ಟದ ಕೆಳಗಿಂದ. ನಿಮ್ಮಣ್ಣ ಸತೀಶ್ ಅವರ ಸೆಲ್ಸ್ ನಮ್ಮ ಲ್ಯಾಬಲ್ಲಿ ಉಂಟು. ಅದರ ವಿಷಯ ಮಾತಾಡ್ಲಿಕ್ಕಿತ್ತು."

ಸೆಲ್ ಅಂದದ್ದಕ್ಕೆ, ನಿನ್ನ ಗಾಲಿಕುರ್ಚಿಯ ಬ್ಯಾಟರಿಯನ್ನು ಆಸ್ಪತ್ರೆಯಲ್ಲೇ ಮರೆತು ಬಂದಿದ್ದೆವಾ ಎಂದು ಯೋಚಿಸಿದೆ ನೋಡು! ಕೈಯಲ್ಲಿ ಜೀವಕೋಶದ ಚಿತ್ರ ಹಿಡಿದುಕೊಂಡೇ ಕೂತವಳು. "ಯಾವ ಸೆಲ್ಲು?" ಎಂದೆ.

"ಜೀವಕೋಶ ಅಕ್ಕ. ಅವರ ಸ್ನಾಯುವಿಂದು. ಫ್ರೀಜ್ ಮಾಡಿ ಇಟ್ಟದ್ದು ಉಂಟು, ತಟ್ಟೆಯಲ್ಲಿ ಬೆಳೀತಿರುವುದೂ ಉಂಟು."

"ನಮ್ಮಣ್ಣ ಈಗಿಲ್ಲ," ಎಂದೆ.

"ಗೊತ್ತುಂಟು ಅಕ್ಕ. ಅದಕ್ಕೇ ನಿಮಗೆ ಮಾಡಿದ್ದು."

ಕಾರ್ಗಲ್ಲಿನ ಕ್ವಾರ್ಟರ್ಸ್ ನೆನಪಾಯಿತು ಆಗ. ಅಪ್ಪ ಸತ್ತ ಮೇಲೆ ಅಮ್ಮನಿಗೆ ಅನುಕಂಪದ ಮೇಲೆ ಕೆಲಸ ಸಿಕ್ಕಿ, ನಾವು ಅದೇ ಮನೆಯಲ್ಲಿ ಉಳಿದ ಹೊಸತು. ನೀನು ನೆಲದಿಂದ ಏಳುವಾಗ ಮೊದಲು ಮಂಡಿಗೆ ಕೈ ಊರಿ, ಆಮೇಲೆ ತೊಡೆಗೆ ಊರಿ, ನಿನ್ನ ಮೈಯನ್ನೇ ನೀನು ಏಣಿಯಂತೆ ಹತ್ತಿಕೊಂಡು ಏಳುತ್ತಿದ್ದೆ. ನಾನು ಅದು ಆಟವೆಂದುಕೊಂಡು ಪಕ್ಕದಲ್ಲಿ ಹಾಗೇ ಮಾಡುತ್ತಿದ್ದೆ. ಒಂದು ದಿನ ಅಮ್ಮ ಬಂದು ನನ್ನ ಬೆನ್ನಿಗೆ ಬಾರಿಸಿದಳು. ಯಾಕೆ ಹೊಡೆದಳೆಂದು ನನಗೆ ಗೊತ್ತಾಗಲಿಲ್ಲ, ನಿನಗೂ ಗೊತ್ತಾಗಿರಲಿಕ್ಕಿಲ್ಲ. ಆ ಹೊತ್ತಿಗೆ ಅವಳಿಗೆ ಘಟ್ಟದ ಕೆಳಗಿನ ಡಾಕ್ಟರು ಹೇಳಿಯಾಗಿತ್ತು. ಸ್ನಾಯುವನ್ನು ಗಟ್ಟಿಯಾಗಿ ಹಿಡಿದಿಡುವ ಒಂದು ಪ್ರೋಟೀನು ನಿನ್ನ ಮೈಯಲ್ಲಿ ತಯಾರಾಗುತ್ತಿಲ್ಲ, ಅದನ್ನು ತಯಾರಿಸುವ ಜೀನ್ ಕೆಟ್ಟಿದೆ, ಇನ್ನೆರಡು ಮೂರು ವರ್ಷಕ್ಕೆ ನಡಿಗೆ ನಿಲ್ಲುತ್ತದೆ ಎಂದು. ಆ ಜೀನ್ ಬಂದದ್ದು ತಾಯಿಯಿಂದ ಎಂದೂ ಹೇಳಿದ್ದರು. "ನೀವು ಕ್ಯಾರಿಯರ್" ಎಂದರಂತೆ. ತನಗೆ ರೋಗವಿಲ್ಲದೆ ಮಕ್ಕಳಿಗೆ ಹೊತ್ತು ದಾಟಿಸುವವಳು ಎಂದರ್ಥ. ಅಮ್ಮ ಆ ಇಂಗ್ಲಿಷ್ ಪದವನ್ನು ಎಷ್ಟು ವರ್ಷ ಹೊತ್ತುಕೊಂಡು ತಿರುಗಿದಳು ಅನ್ನುವುದು ನಿನಗೇ ಗೊತ್ತು. ನಾನೂ ಅದೇ ಹೌದೋ ಎಂದು ನೋಡುವ ರಕ್ತಪರೀಕ್ಷೆ ಇನ್ನೂ ಮಾಡಿಸಿಲ್ಲ. ಬೈಯಬೇಡ.

ನಿನಗೆ ಹತ್ತೊಂಬತ್ತು ತುಂಬಿದ ವರ್ಷ ಅದೇ ಆಸ್ಪತ್ರೆಯಲ್ಲಿ ಒಬ್ಬ ದೊಡ್ಡ ಡಾಕ್ಟರು ನಿನ್ನ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಮಾತಾಡಿದ್ದು ನೆನಪಿದೆಯಾ? "ನಿನಗೆ ಇದರಿಂದ ಏನೂ ಉಪಯೋಗ ಇಲ್ಲಪ್ಪ, ಸುಳ್ಳು ಹೇಳೋದಿಲ್ಲ. ಮುಂದೆ ಯಾರಿಗಾದರೂ ಆಗಬಹುದು," ಎಂದರು. ತೊಡೆಯಿಂದ ಕಡಲೆಕಾಳಿನಷ್ಟು ಮಾಂಸ ಕೇಳಿದರು. ನೀನು ಅಮ್ಮನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಉಳ್ದಿರೋದೇ ಅಷ್ಟು ಸಾರ್, ನೋಡಿ ತಗೊಳ್ಳಿ," ಎಂದೆ. ಡಾಕ್ಟರು ನಗಲೋ ಬೇಡವೋ ಎಂದು ತಿಳಿಯದೆ ನಿನ್ನ ಹೆಗಲು ತಟ್ಟಿದರು. ವಾಪಸು ಬರುವಾಗ ಘಟ್ಟದ ತಿರುವುಗಳಲ್ಲಿ ನಿನಗೆ ನೋವಾಗುತ್ತಿತ್ತು, ಆದರೂ ಇಡೀ ದಾರಿ ಒಪ್ಪಿಗೆ ಫಾರಮ್ಮಿನ ಕಾಗುಣಿತದ ತಪ್ಪನ್ನೇ ಬೈಯುತ್ತಾ ಬಂದೆ.

ಝೀನತ್ ಆ ಫಾರಮ್ಮಿನ ಫೋಟೋವನ್ನೇ ಮಾರನೇ ದಿನ ವಾಟ್ಸಾಪಿನಲ್ಲಿ ಕಳಿಸಿದಳು. ನಿನ್ನ ಅಕ್ಷರ. ಹೆಸರು, ವಿಳಾಸ, ಪಿನ್‌ಕೋಡ್, ಎಲ್ಲ ಸರಿಯಾಗಿದೆ. "ಸ್ನಾಯೂ" ಎಂದು ಅಚ್ಚಾಗಿದ್ದನ್ನು ಪೆನ್ನಿನಲ್ಲಿ "ಸ್ನಾಯು" ಎಂದು ತಿದ್ದಿ ಪಕ್ಕದಲ್ಲಿ ಸಣ್ಣ ಸಹಿ ಬೇರೆ ಹಾಕಿದ್ದೀಯ. ಕೊನೆಯಲ್ಲಿ ಎರಡು ಚೌಕ ಇವೆ. ಮೊದಲನೆಯದು, ಈ ಅಧ್ಯಯನ ಮುಗಿದ ಮೇಲೂ ನನ್ನ ಜೀವಕೋಶಗಳನ್ನು ಇಟ್ಟುಕೊಂಡು ಬೇರೆ ಕೆಲಸಕ್ಕೆ ಬಳಸಬಹುದು. ಎರಡನೆಯದು, ನಾಶ ಮಾಡಬೇಕು. ಎರಡಕ್ಕೂ ಟಿಕ್ ಇಲ್ಲ. ಯಾಕೆ? ಬೇರೆಯವರ ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದ್ದರೆ, "ಇದನ್ನ ತಗೊಂಡ್ ಹೋದ್ರೆ ಒಳಗೆ ಮುಖಕ್ಕೆ ಎಸೀತಾರೆ, ತುಂಬಿಸ್ಕೊಂಡ್ ಬನ್ನಿ" ಎಂದು ವಾಪಸು ಕಳಿಸುತ್ತಿದ್ದವನು ನೀನು. ಕೈ ಸೋತಿತ್ತಾ? ಅಥವಾ ಓದಿ, ಯೋಚಿಸಿ, ಬೇಕೆಂದೇ...

ಅವರಿಗೆ ಈಗ ಉತ್ತರ ಬೇಕಾಗಿದೆ. ಹಳೆಯ ಅಧ್ಯಯನ ಮುಗಿದಿದೆ, ಹೊಸದು ಶುರುವಾಗಿದೆ. ಝೀನತ್ ಅದರಲ್ಲೇ ಪಿಎಚ್‌ಡಿ ಮಾಡುತ್ತಿದ್ದಾಳೆ. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ನೀನಾದರೆ ಬೇಗ ಹಿಡಿಯುತ್ತಿದ್ದೆ. ಕೆಟ್ಟ ಜೀನಿನ ಬದಲು ಸರಿಯಾದ ಜೀನನ್ನು ಕೋಶದೊಳಗೆ ಕಳಿಸಬೇಕು. ಅದು ತಾನಾಗಿ ಒಳಗೆ ಹೋಗುವುದಿಲ್ಲ, ಯಾರಾದರೂ ಹೊತ್ತೊಯ್ಯಬೇಕು. ಸಾಮಾನ್ಯವಾಗಿ ವೈರಸ್ಸಿನ ಕೈಯಲ್ಲೇ ಹೊರಿಸುತ್ತಾರಂತೆ, ಅದರ ರೋಗ ತರುವ ಗುಣವನ್ನು ತೆಗೆದು. ಆದರೆ ನಿನಗೆ ಬೇಕಾದ ಜೀನ್ ಬಹಳ ಉದ್ದ. "ಬಸ್ಸು ಸಣ್ಣದು ಅಕ್ಕ, ಲಗೇಜು ದೊಡ್ಡದು. ಕತ್ತರಿಸಿ ತುಂಬಬೇಕು," ಎಂದಳು. ಅಲ್ಲದೆ ಮೈ ಆ ವೈರಸ್ಸನ್ನು ಮೊದಲೇ ಕಂಡಿದ್ದರೆ ಬಾಗಿಲಲ್ಲೇ ತಡೆಯುತ್ತದೆ. ಅದಕ್ಕೆ ಇವರು ವೈರಸ್ಸನ್ನು ಬಿಟ್ಟು ಪ್ರೋಟೀನನ್ನೇ ಹೊರುವವನನ್ನಾಗಿ ಮಾಡಲು ಹೊರಟಿದ್ದಾರೆ. ಪ್ರಕೃತಿಯಲ್ಲಿ ಇಲ್ಲದ ಪ್ರೋಟೀನು, ಕಂಪ್ಯೂಟರಿನಲ್ಲಿ ಕೂತು ಆಕಾರ ಕೊಟ್ಟದ್ದು. ಅದರ ಒಂದು ಭಾಗ ಜೀನನ್ನು ಸುತ್ತಿ ಹಿಡಿಯುತ್ತದೆ, ಒಂದು ಭಾಗ ಸ್ನಾಯುವಿನ ಕೋಶಕ್ಕೆ ಅಂಟಿಕೊಳ್ಳುತ್ತದೆ. ಕಷ್ಟ ಇರುವುದು ಅದರ ಮುಂದೆ. ಹೊರಗಿನಿಂದ ಬಂದದ್ದನ್ನು ಕೋಶ ಒಂದು ಚೀಲದೊಳಗೆ ಕಟ್ಟಿ ಕರಗಿಸಿಬಿಡುತ್ತದೆ. ಆ ಚೀಲ ಹರಿದು ಹೊರಬರುವಂಥ ಮೂರನೇ ಭಾಗವನ್ನು ಅವರು ಮತ್ತೆ ಮತ್ತೆ ಬದಲಿಸಿ ನೋಡುತ್ತಿದ್ದಾರೆ. ನೋಡುತ್ತಿರುವುದು ನಿನ್ನ ಕೋಶಗಳಲ್ಲಿ. ಬೇರೆ ಲ್ಯಾಬಿಗೂ ಕಳಿಸಬೇಕಂತೆ. ಎರಡೂ ಚೌಕ ಖಾಲಿ ಇರುವುದನ್ನು ಇಂಥದ್ದಕ್ಕೆ ಅನುಮತಿ ಕೊಡುವ ಅವರ ಕಮಿಟಿಯವರು ಕಂಡು, ಮನೆಯವರನ್ನು ಕೇಳಿ ಬನ್ನಿ ಎಂದಿದ್ದಾರೆ.

ಅಮ್ಮನಿಗೆ ಹೇಗೆ ಹೇಳುವುದು ಎಂದು ನಾಲ್ಕು ದಿನ ಹೊಸನಗರದಿಂದ ಸಾಗರದವರೆಗಿನ ಬಸ್ಸಿನಲ್ಲಿ ಕೂತು ಯೋಚಿಸಿದೆ. ಐದನೇ ದಿನ ಅವಳು ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಹೇಳಿದೆ. ಬೆರಳು ನಿಂತಿತು.

"ಬದುಕಿದೆ ಅಂದ್ರೆ ಎಂತ? ಉಸಿರಾಡ್ತದಾ?"

ಮೂರು ವರ್ಷ ಪಾಠ ಹೇಳಿದ ಬಾಯಿ ಅಣ್ಣಾ, "ಹೂಂ, ಪ್ರತಿ ಜೀವಕೋಶನೂ ಉಸಿರಾಡ್ತದೆ" ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಿನ್ನ ಕೊನೆಯ ತಿಂಗಳು ಒಂದೊಂದು ಉಸಿರನ್ನೂ ಎಣಿಸಿದವಳು ಅವಳು. ಆಮೇಲೆ, "ತೀರ್ಥಹಳ್ಳೀಲಿ ತುಂಗೆಗೆ ಎಲ್ಲಾ ಬಿಟ್ಟು ಬಂದ್ವಲ್ಲ. ಹಾಗಾದ್ರೆ ಎಲ್ಲಾ ಬಿಟ್ಟಿಲ್ವಾ?" ಎಂದಳು. ಬಿಟ್ಟಿದ್ದೇವೆ ಎನ್ನಲಾ, ಇಲ್ಲ ಎನ್ನಲಾ? ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು ಎದ್ದಳು. "ನಾನು ನೋಡ್ಬೇಕು," ಎಂದಳು.

ಮೇಳಿಗೆಯ ಮಾವನ ಮನೆಯಲ್ಲಿ ಉಳಿದುಕೊಂಡು, ಬೆಳಿಗ್ಗೆ ಬೇಗ ಎದ್ದು ಘಟ್ಟ ಇಳಿದೆವು. ಝೀನತ್ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು, ನಿನ್ನ ಅದೇ ಆಸ್ಪತ್ರೆಯ ಗೇಟಿನವರೆಗೂ ಬಂದು ಅಮ್ಮನ ಕೈಯಿಂದ ಚೀಲ ಇಸಿದುಕೊಂಡಳು. ಚಪ್ಪಲಿ ಬಿಡಿಸಿ, ಕಾಲಿಗೆ ನೀಲಿ ಚೀಲ, ಮೈಗೊಂದು ಬಿಳಿ ಅಂಗಿ ಹಾಕಿಸಿದಳು. ಸೀರೆಯ ಮೇಲೆ ಆ ಅಂಗಿ ಹಾಕಿಕೊಂಡು ಅಮ್ಮ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಹತ್ತಿರ ಹಿಡಿದುಕೊಂಡಿದ್ದಳು. ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟರೆ ಕನ್ನಡಕ ಅಡ್ಡ ಬಂತು. ಕೊನೆಗೆ ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದರು. ಎರಡೂ ತುದಿ ಚೂಪಾದ, ಉದ್ದುದ್ದ ಕೋಶಗಳು ಒಂದರ ಪಕ್ಕ ಒಂದು ಮಲಗಿದ್ದವು. ಅಲ್ಲಲ್ಲಿ ಕೆಲವು ಹಸಿರಾಗಿ ಹೊಳೆಯುತ್ತಿದ್ದವು. ಮೊದಲು ಹೊಳೆಯುವ ಜೀನೊಂದನ್ನು ಹೊರಿಸಿ ಕಳಿಸಿದ್ದಂತೆ, ತಲುಪಿತೋ ಇಲ್ಲವೋ ಎಂದು ತಿಳಿಯಲು. ಹೊಳೆಯದೆ ಇದ್ದವೇ ಹೆಚ್ಚು.

"ಇವೆಲ್ಲ ಅವನಾ?" ಅಮ್ಮ ಕೇಳಿದಳು.

ಝೀನತ್ ನನ್ನ ಮುಖ ನೋಡಿದಳು. "ಅವರದ್ದು ಅಮ್ಮ," ಎಂದಳು ಮೆಲ್ಲಗೆ.

ತಟ್ಟೆಯ ಮೇಲೆ ನಿನ್ನ ಹೆಸರಿರಲಿಲ್ಲ, ಒಂದು ಅಕ್ಷರ, ಎರಡು ಅಂಕಿ. ಹೆಸರು ಬರೆಯುವಂತಿಲ್ಲ, ಅದು ನಿಯಮ. ಪಕ್ಕದಲ್ಲಿದ್ದ ಹನಿಯಷ್ಟು ದ್ರವದ ಪುಟ್ಟ ನಳಿಕೆಯೊಂದನ್ನು ಎತ್ತಿ ಅವಳು ಉತ್ಸಾಹದಿಂದ ಹೇಳಿದಳು: "ಇದೇ ಅಮ್ಮ ನಮ್ಮ ಪ್ರೋಟೀನ್. ನಾವು ಇದನ್ನು ಕ್ಯಾರಿಯರ್ ಅಂತ ಹೇಳ್ತೇವೆ."

ಅಮ್ಮನ ಕೈ ಎದೆಯಿಂದ ಕೆಳಗಿಳಿಯಿತು. "ನಂಗೂ ಹಾಗೇ ಹೇಳಿದ್ರು. ಇದೇ ಆಸ್ಪತ್ರೇಲಿ."

ಪಾಪ, ಆ ಹುಡುಗಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಮುಖ ಬಾಡಿತು. "ಅಯ್ಯೋ ಅಮ್ಮ, ಹೆಸರು ಒಂದೇ. ಕೆಲಸ ಬೇರೆ."

"ಬೇರೆ ಹೆಂಗೆ? ನಾನೂ ಹೊತ್ತು ತಂದೇ ಕೊಟ್ಟಿದ್ದು, ಇದೂ ಹೊತ್ತು ತಂದೇ ಕೊಡೋದು. ನಾನು ಕೊಟ್ಟಿದ್ದು ಹಾಳಾಗಿತ್ತು, ಅಷ್ಟೇ."

ಯಾವುದೋ ಯಂತ್ರ ಗುಂಯ್ ಎನ್ನುತ್ತಿತ್ತು. ಆಮೇಲೆ ಅಮ್ಮನೇ, ನೆಂಟರ ಮನೆಯಲ್ಲಿ ಕೇಳುವಂತೆ, "ಊಟಕ್ಕೆ ಎಂತ ಹಾಕ್ತೀರಿ ಇವಕ್ಕೆ?" ಎಂದಳು.

"ಈ ಪಿಂಕ್ ಕಾಣ್ತದಲ್ಲ ಅಮ್ಮ, ಅದೇ ಊಟ. ಸಕ್ಕರೆ, ಉಪ್ಪು, ವಿಟಮಿನ್, ಮತ್ತೆ ಕರುವಿನ..."

"ಸಕ್ಕರೆ ನೀರಮ್ಮ," ಎಂದು ನಾನು ನಡುವೆ ಬಾಯಿ ಹಾಕಿದೆ.

ಮೇಳಿಗೆಗೆ ಮರಳಿದ ಮೇಲೆ ನನಗೆ ತಲೆ ಕೆಟ್ಟುಹೋಗಿತ್ತು. ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಮ್ಮನ್ನು ಬೆರೆಸಿ ನಿನ್ನ ಕೋಶಗಳಿಗೆ ಹಾಕುತ್ತಾರೆ, ಅದು ಎಲ್ಲ ಲ್ಯಾಬುಗಳಲ್ಲೂ ಇರುವ ಪದ್ಧತಿ ಎಂದು ನಾನು ಓದಿದ್ದೆ. ಅಮ್ಮ ಕೊಟ್ಟಿಗೆಯಲ್ಲಿ ಕರುಗಳ ಜೊತೆಯೇ ಬೆಳೆದವಳು. ಇದನ್ನು ಮುಚ್ಚಿಟ್ಟು ಅವಳಿಂದ ಒಪ್ಪಿಗೆ ಪಡೆದರೆ ಅದು ಒಪ್ಪಿಗೆಯಾ? ಹೇಳಿದರೆ, ಅವಳು ಬೇಡವೆಂದರೆ, ಆಮೇಲೆ ಎಲ್ಲಿಯೋ ಒಂದು ಕ್ವಾರ್ಟರ್ಸಿನಲ್ಲಿ ಮೈಯನ್ನೇ ಏಣಿ ಮಾಡಿಕೊಂಡು ಏಳುತ್ತಿರುವ ಮಗುವಿಗೆ... ಆದರೆ ಇದು ಯಾವ ಮಗುವಿಗೂ ಮುಟ್ಟಲು ಇನ್ನೆಷ್ಟು ವರ್ಷ ಬೇಕೋ, ಮುಟ್ಟುತ್ತದೆಯೋ ಇಲ್ಲವೋ ಝೀನತ್ತಿಗೇ ಗೊತ್ತಿಲ್ಲ. ಇಲಿಯ ಮೇಲಿನ ಪ್ರಯೋಗದವರೆಗೂ ಹೋಗಿಲ್ಲ ಇನ್ನೂ. ನೀನಿದ್ದರೆ ಕುರ್ಚಿ ತಿರುಗಿಸಿಕೊಂಡು, "ಮಾಲು, ಒಂದೊಂದೇ ಹೇಳು" ಎನ್ನುತ್ತಿದ್ದೆ.

ಮಾರನೇ ದಿನ ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಾಗ ಅಮ್ಮನೇ ಕೇಳಿದಳು. "ಕರುವಿನ ಎಂತದು?"

ನಾನು ಲೋಟ ಕೆಳಗಿಟ್ಟೆ. ಹೇಳಿದೆ, ಎಲ್ಲವನ್ನೂ. ಅವಳು ಅಂಗಳ ನೋಡುತ್ತಾ ಕೇಳಿಸಿಕೊಂಡಳು.

"ಅವನ್ನ ಎತ್ಕೊಂಡು ಯಾರ್ಯಾರ ಮನೆ ಬಾಗ್ಲಿಗೆ ಹೋಗಿಲ್ಲ ನಾನು," ಎಂದಳು. "ಕವಲೇದುರ್ಗದ ಹತ್ರ ಒಬ್ರು ಮದ್ದು ಕೊಡ್ತಾರೆ ಅಂದ್ರೆ ಅಲ್ಲಿಗೆ. ಎಂತದೋ ಎಣ್ಣೆ, ಎಂತದೋ ಮೂಳೆ ಸೂಪು. ಬೇಡ ಅಂತ ಹಲ್ಲು ಕಚ್ತಿದ್ದ. ಮೂಗು ಹಿಡ್ದು ಕುಡ್ಸಿದ್ದೀನಿ. ಒಂದ್ ಸಲನಾದ್ರೂ ಕೇಳಿದ್ದೀನಾ ಅವನ್ನ, ನಿಂಗೆ ಬೇಕಾ ಅಂತ?"

"ಹಾಗಾದ್ರೆ ಬೇಡ ಅನ್ನೋಣ್ವಾ ಅಮ್ಮ?"

"ಬೇಡ ಅಂದ್ರೆ ಅವ್ರು ಎಂತ ಮಾಡ್ತಾರೆ?"

"ನಾಶ ಮಾಡ್ತಾರೆ."

"ಹೆಂಗೆ?"

"ಹಬೆಯಲ್ಲಿ ಇಟ್ಟು. ತುಂಬಾ ಬಿಸಿ ಮಾಡಿ."

ಅಮ್ಮ ಲೋಟದ ತಳದ ಕಾಫಿಯನ್ನು ಅಂಗಳಕ್ಕೆ ಚೆಲ್ಲಿದಳು. "ಒಂದ್ ಸಲ ಸುಟ್ಟಿದ್ದು ಸಾಕು. ಇನ್ನೊಂದ್ ಸಲ ನನ್ನ ಕೈಲಿ ಆಗಲ್ಲ. ಇಟ್ಕೊಳ್ಳಿ ಅಂತ ಬರಿ." ಎದ್ದು ಹೋಗುತ್ತಿದ್ದವಳು ಬಾಗಿಲಲ್ಲಿ ನಿಂತಳು. "ಹೆಸ್ರು ಬೇಡ ಅಂದ್ರೆ ಬೇಡ. ಆದ್ರೆ ಆ ಹುಡುಗಿಗೆ ಹೇಳು. ಒಳ್ಳೇದಾದ್ರೂ ಕೆಟ್ಟದ್ದಾದ್ರೂ ತಿಳಿಸ್ತಿರ್ಬೇಕು. ತಾಯಿ ಇದ್ದಾಳೆ ಅಂತ ನೆನಪಿರ್ಲಿ."

ಮಾವನ ಮನೆಯ ಊಟದ ಮೇಜಿನ ಮೇಲೆ ಝೀನತ್ ಕೊಟ್ಟಿದ್ದ ಹೊಸ ಫಾರಂ ಹರಡಿಕೊಂಡು ಮೊದಲ ಚೌಕಕ್ಕೆ ಟಿಕ್ ಹಾಕಿದೆ. ಅಮ್ಮ ಸಹಿ ಮಾಡಿದಳು, ಕೆಳಗೆ ನಾನು. ಪೆನ್ನು ಮುಚ್ಚಿದ ಮೇಲೂ ಕೈ ಅಲ್ಲೇ ಇತ್ತು. ಸರಿ ಮಾಡಿದೆವಾ? ನೀನು ಬಿಟ್ಟದ್ದನ್ನು ತುಂಬುವ ಹಕ್ಕು ನಮಗೆ ಕೊಟ್ಟವರು ಯಾರು? ಕಮಿಟಿಯವರು ಕೊಟ್ಟರು, ನೀನು ಕೊಟ್ಟೆಯಾ? ಒಮ್ಮೊಮ್ಮೆ ಅನಿಸುತ್ತದೆ, ಅದು ಅಮ್ಮನಿಗೆ ಬಿಟ್ಟ ಪ್ರಶ್ನೆ ಎಂದು ನೀನೇ ಬಿಟ್ಟಿರಬೇಕು. ಒಮ್ಮೊಮ್ಮೆ, ಇಲ್ಲ, ಆ ಹೊತ್ತಿಗೆ ನರ್ಸ್ ಬಂದು ಕರೆದಿರಬೇಕು, ಮರೆತಿರಬೇಕು. ಇಷ್ಟು ಸಣ್ಣ ಕಾರಣವೂ ಇರಬಹುದಲ್ಲ? ಇದೇ ಗೊಂದಲದಲ್ಲಿ ಎರಡು ತಿಂಗಳು ಕಳೆದೆ. ಪಾಠದಲ್ಲಿ ಜೀವಕೋಶ ಬಂದರೆ ಮಾತು ತಪ್ಪುತ್ತಿತ್ತು.

ಕಳೆದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದು ಅನ್ನ ಬಡಿಸಿಕೊಳ್ಳುವಾಗ ಝೀನತ್ತಿನ ವಿಡಿಯೋ ಬಂತು, ಕಾಲು ನಿಮಿಷದ್ದು. ಈ ಸಲ ಹೊಳೆಯುವ ಜೀನಲ್ಲ, ನಿನಗೆ ಬೇಕಾಗಿದ್ದ ಜೀನನ್ನೇ ಇಡಿಯಾಗಿ, ಕತ್ತರಿಸದೆ, ಆ ಪ್ರೋಟೀನಿಗೆ ಹೊರಿಸಿ ಕಳಿಸಿದ್ದಾರೆ. ನಿನ್ನ ಕೋಶಗಳು ಒಂದಕ್ಕೊಂದು ಕೂಡಿ ನಾರಿನ ಹಾಗಾಗಿವೆ. ನೋಡುತ್ತಿದ್ದಂತೆ ಒಂದು ನಾರು ಸೆಟೆದು, ಸಡಿಲವಾಯಿತು. ಇನ್ನೊಮ್ಮೆ. ಯಾರೂ ಮುಟ್ಟಿರಲಿಲ್ಲ.

ನಾನು ತಕ್ಷಣ ಫೋನ್ ಮಾಡಿದೆ. "ಅಕ್ಕ, ತುಂಬಾ ಖುಷಿ ಪಡ್ಬೇಡಿ. ಜೀನ್ ಹಾಕದ ತಟ್ಟೆಯಲ್ಲಿಯೂ ಒಮ್ಮೊಮ್ಮೆ ಹೀಗೇ ಅಲುಗ್ತದೆ. ಇದು ನಮ್ಮ ಕ್ಯಾರಿಯರಿಂದಲೇ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಸ್ನಾಯುವನ್ನು ಗಟ್ಟಿ ಹಿಡಿಯುವ ಆ ಪ್ರೋಟೀನ್ ಸಿಕ್ಕಿದೆ ಅಕ್ಕ. ಎಲ್ಲದರಲ್ಲಿ ಅಲ್ಲ, ಕೆಲವು ನಾರಿನಲ್ಲಿ. ನಿಮ್ಮಣ್ಣನ ಸೆಲ್ಸ್ ಅದನ್ನು ಮಾಡಿದ್ದಾವೆ. ಮೂರು ಸಲ ಟೆಸ್ಟ್ ಮಾಡಿ ನೋಡಿದೆ." ಮೈಯಿಡೀ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಮಾಡದಿದ್ದದ್ದನ್ನು, ನೀನಿಲ್ಲದ ಮೂರನೇ ವರ್ಷದಲ್ಲಿ... ನಾನು ಅಳಬೇಕಾ ನಗಬೇಕಾ ಅಣ್ಣಾ? ಇದು ನಿನಗೆ ಸಂಭವಿಸಿದ್ದಾ, ಅಥವಾ ನಿನಗೆ ಬಿಟ್ಟು ಬೇರೆಲ್ಲರಿಗೂ...

ಅಮ್ಮ ಕೈ ಒರೆಸಿಕೊಂಡು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಕನ್ನಡಕ ಹಾಕಿಕೊಂಡು, ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಮುಗಿಯಿತು, ಮತ್ತೆ ಒತ್ತಿದಳು. ಝೀನತ್ ಹೇಳಿದ್ದನ್ನೆಲ್ಲ ನಾನು ಹೇಳಿದೆ. ಖಚಿತವಿಲ್ಲ ಅಮ್ಮ, ಸುಮ್ಮನೆಯೂ ಅಲುಗಬಹುದಂತೆ, ಎಂದೆ. ಅವಳು ತಲೆಯಾಡಿಸಿದಳೇ ಹೊರತು ಕಣ್ಣು ತೆಗೆಯಲಿಲ್ಲ.

"ಎಡಗಾಲು," ಎಂದಳು.

"ಎಂತದು?"

"ಆವತ್ತು ಮಾಂಸ ತೆಗ್ದಿದ್ದು ಎಡಗಾಲಿಂದ. ಪಟ್ಟಿ ಬಿಚ್ಚಿದ್ದು ನಾನೇ ಅಲ್ವಾ. ಮೊದ್ಲು ಸೋತಿದ್ದೂ ಆ ಕಾಲೇ."

ನನಗೆ ಯಾವ ಕಾಲೆಂಬುದೇ ಮರೆತುಹೋಗಿತ್ತು. ಅವಳು ಮತ್ತೆ ಒತ್ತಿದಳು. ತಟ್ಟೆಯಲ್ಲಿದ್ದ ಅನ್ನ ಆರಿತು, ಇಬ್ಬರೂ ಕೂತು ನೋಡಿದೆವು. ಯಾಕೆ ಅಲುಗಿತೆಂದು ಗೊತ್ತಿಲ್ಲ, ಗೊತ್ತಾದ ದಿನ ಮತ್ತೆ ಬರೆಯುತ್ತೇನೆ. ಸದ್ಯಕ್ಕೆ ಇಷ್ಟು ನಿನಗೆ ತಿಳಿದಿರಲಿ. ನಿನ್ನ ಎಡಗಾಲು ಅಲುಗಿತು, ಅಣ್ಣಾ. ಅಮ್ಮ ನೋಡಿದಳು.

ನಿನ್ನ
ಮಾಲು